ದೌರಾ ಗಾಡಿಗೆ ಔಡಲೆಣ್ಣೆ

ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲೂಕಿನ ಕಿರಾಣಿ ಅಂಗಡಿಗಳ ತಕ್ಕಡಿ ನಿಜ ಹೇಳುತ್ತದೋ ಸುಳ್ಳು ಹೇಳುತ್ತದೋ ನೋಡುವುದು ನನ್ನ ನೌಕರಿಯಾಗಿತ್ತು. ತೂಕ ಮತ್ತು ಅಳತೆಯ ಇನ್ಸ್‌ಪೆಕ್ಟರ್. ಹಿತ್ತಾಳೆಯ ಕಲ್ಲುಗಳ ಪೆಟ್ಟಿಗೆ ಹೊತ್ತು ಊರೂರು ತಿರುಗಬೇಕು, ಅಂಗಡಿಕಾರನ ಕಲ್ಲನ್ನು ಸರ್ಕಾರದ ಕಲ್ಲಿನ ಎದುರಿಗಿಟ್ಟು ನೋಡಬೇಕು, ಸರಿ ಇದ್ದರೆ ಮುದ್ರೆ ಒತ್ತಬೇಕು. ಎಪ್ಪತ್ತರ ದಶಕದ ಕೊನೆಯಿಂದ ಹತ್ತು ಹನ್ನೆರಡು ವರ್ಷ ಈ ಕೆಲಸ ಮಾಡಿದೆ. ಅಷ್ಟು ವರ್ಷದಲ್ಲಿ ನಾನು ನೋಡಿದ ಯಾವ ತಕ್ಕಡಿಯೂ, ನನ್ನ ಮೋಟಾರ್ ಸೈಕಲ್ಲಿನ ಬಗ್ಗೆ ನಾನು ಹೇಳಿದಷ್ಟು ಸುಳ್ಳು ಹೇಳಿರಲಿಕ್ಕಿಲ್ಲ.

ಅದು ಇಂಗ್ಲೆಂಡಿನ ಗಾಡಿ. ನಮ್ಮ ಕಡೆ ಅದನ್ನು ಯಾರೂ ಹೆಸರು ಹಿಡಿದು ಕರೆಯಲಿಲ್ಲ, 'ವಿಲಾಯತಿ' ಅಂದರೆ ಸಾಕಿತ್ತು. ಮಾಡಿದ ಕಂಪನಿಯ ಹೆಸರನ್ನು ನಾನೂ ಇಲ್ಲಿ ಬರೆಯುವುದಿಲ್ಲ. ಮುಂದೆ ಹೇಳುವ ಫಜೀತಿಯಲ್ಲಿ ಅವರ ತಪ್ಪು ಏನೂ ಇಲ್ಲ. ಎಲ್ಲ ನನ್ನದೇ ಸ್ವಂತ ಸಂಪಾದನೆ.

ಅದು ನನಗೆ ಸಿಕ್ಕಿದ್ದು ನರೋಣಾದ ಒಂದು ವಾಡೆಯ ದನದ ಕೊಟ್ಟಿಗೆಯಲ್ಲಿ. ಅಂಗಡಿ ತಪಾಸಣೆಗೆ ಹೋದವನು ಬಿಸಿಲಿಗೆ ಬಾಯಾರಿ ವಾಡೆಯೊಳಗೆ ನೀರು ಕೇಳಲು ಹೋದೆ. ಜೋಳದ ಕಣಕಿಯ ರಾಶಿಯೊಳಗಿಂದ ದುಂಡನೆಯ ದೀಪವೊಂದು ನನ್ನನ್ನೇ ನೋಡುತ್ತಿತ್ತು. ನೀರು ಮರೆತು ಕಣಕಿ ಸರಿಸಿದೆ. ಉದ್ದನೆಯ ಹ್ಯಾಂಡಲ್ಲು, ದೊಡ್ಡ ಪೆಟ್ರೋಲ್ ಟಾಕಿ, ಸ್ಪ್ರಿಂಗಿನ ಸೀಟು, ಸೀಟಿನ ಮೇಲೆ ಮೂರು ಬೆಕ್ಕಿನ ಮರಿ. ವಾಡೆಯ ಗೌಡರು ಹಿಂದೆ ಬಂದು ನಿಂತು, "ಬೇಕಂದ್ರ ಒಯ್ರಿ ಸಾಹೇಬ್ರ. ಮರಿ ಮಾತ್ರ ಇಲ್ಲೇ ಬಿಡ್ರಿ," ಅಂದರು. ಅವರು ಅಷ್ಟು ಸಲೀಸಾಗಿ ಯಾಕೆ ಕೊಟ್ಟರು ಎಂದು ನಾನು ಆಗಲೇ ಯೋಚನೆ ಮಾಡಬೇಕಿತ್ತು.

ಗೌಡರು ಹೇಳಿದ ಚರಿತ್ರೆ ಇಷ್ಟು. ದೊಡ್ಡ ಯುದ್ಧದ ಕಾಲಕ್ಕೆ ಫೌಜಿಗೆ ಅಂತ ಇಂಗ್ಲೆಂಡಿನಲ್ಲಿ ಮಾಡಿದ ಗಾಡಿ. ಯುದ್ಧ ಮುಗಿದ ಮೇಲೆ ಹರಾಜಿನಲ್ಲಿ ನಿಜಾಮನ ಕಂದಾಯದ ಅಧಿಕಾರಿಯೊಬ್ಬರು ಹಿಡಿದರು. ಅವರು ಅದರ ಮೇಲೆ ತಾಲೂಕು ತಾಲೂಕು ದೌರಾ ಮಾಡುತ್ತಿದ್ದರು. ನಿಜಾಮನ ರಾಜ್ಯ ಹೋಯಿತು, ಅಧಿಕಾರಿ ಹೈದರಾಬಾದಿಗೆ ಹೋದರು, ಗಾಡಿ ಗೌಡರ ತಂದೆಗೆ ಬಂತು. ಅವರು ಎರಡೇ ಸಲ ಹೊಡೆದರು. ಎರಡನೆಯ ಸಲ ಬಾವಿಯ ಕಟ್ಟೆಗೆ ಗುದ್ದಿ ನಿಂತಿತಂತೆ. ಅಂದಿನಿಂದ ಕಣಕಿಯ ಕೆಳಗೆ.

ಈ ಚರಿತ್ರೆಯನ್ನು ನಾನು ಮೂರೂ ತಾಲೂಕಿನಲ್ಲಿ ಹಂಚಿದೆ. ಆಳಂದದಲ್ಲಿ ಹೇಳುವಾಗ ಅದು ಟಪಾಲು ಒಯ್ಯುವ ಸಿಪಾಯಿಯ ಗಾಡಿ. ಅಫಜಲಪುರ ಮುಟ್ಟುವಷ್ಟರಲ್ಲಿ ಒಬ್ಬ ಕರ್ನಲ್ಲನದು. ಜೇವರ್ಗಿಯ ಚಹಾದ ಹೋಟೆಲಿನಲ್ಲಿ ಕೂತಾಗ ಅದು ಆಫ್ರಿಕಾದ ಮರಳುಗಾಡು ದಾಟಿ, ಗುಂಡಿನೇಟು ತಿಂದು, ಸವಾರನನ್ನು ಜೀವಸಹಿತ ತಂದು ಮುಟ್ಟಿಸಿತ್ತು. ಟಾಕಿಯ ಮೇಲೆ ಒಂದು ತಗ್ಗು ಇತ್ತು. ಅದನ್ನು ತೋರಿಸಿ ಗುಂಡಿನ ಗುರುತು ಅನ್ನುತ್ತಿದ್ದೆ. ಬಾವಿಯ ಕಟ್ಟೆಯ ಸುದ್ದಿ ಎತ್ತುತ್ತಿರಲಿಲ್ಲ. ಅಂಗಡಿಕಾರರ ಕಲ್ಲಿನಲ್ಲಿ ಹತ್ತು ಗ್ರಾಂ ಕಡಿಮೆ ಬಂದರೆ ಕಣ್ಣು ಕೆಂಪು ಮಾಡುತ್ತಿದ್ದ ಮನುಷ್ಯ ನಾನು.

ಆದರೆ ಒಂದು ಮಾತು ಸುಳ್ಳಲ್ಲ. ಆ ಗಾಡಿ ಚೆಂದ ಇತ್ತು. ಅದನ್ನು ಚಾಲೂ ಮಾಡುವುದೇ ಒಂದು ಪೂಜೆಯ ವಿಧಾನ. ಪೆಟ್ರೋಲಿನ ನಲ್ಲಿ ತೆರೆಯಬೇಕು, ಕಾರ್ಬೊರೇಟರಿನ ಗುಂಡಿ ಒತ್ತಿ ಪೆಟ್ರೋಲು ಬೆರಳಿಗೆ ಹನಿಯುವ ತನಕ ಕಾಯಬೇಕು. ಹ್ಯಾಂಡಲ್ಲಿನ ಮೇಲೆ ಕಿಡಿಯನ್ನು ಹಿಂದೆ ಮುಂದೆ ಮಾಡುವ ಸಣ್ಣ ಹಿಡಿ, ಅದನ್ನು ಹಿಂದೆ ತಳ್ಳಬೇಕು. ಇನ್ನೊಂದು ಹಿಡಿ ಒತ್ತಿ ಎಂಜಿನ್ನಿನ ಉಸಿರು ಬಿಡಿಸಿ, ಕಿಕ್ಕನ್ನು ಮೆಲ್ಲಗೆ ಇಳಿಸಿ, ಆಮೇಲೆ ಒಮ್ಮೆಲೆ ಒದೆಯಬೇಕು. ಇದರಲ್ಲಿ ಒಂದು ತಪ್ಪಿದರೂ ಅದು ತಿರುಗಿ ಒದೆಯುತ್ತಿತ್ತು. ನನ್ನ ಬಲಗಾಲಿನ ಮೊಣಕಾಲ ಕೆಳಗೆ ಇವತ್ತಿಗೂ ಒಂದು ಗಂಟು ಇದೆ. ಎಲ್ಲ ಸರಿಯಾದರೆ ಮಾತ್ರ ಅದು ಗಂಟಲು ಸರಿಮಾಡಿಕೊಂಡು ಡುಬ್ ಡುಬ್ ಡುಬ್ ಎಂದು ಶುರುವಾಗುತ್ತಿತ್ತು. ಒಂದೊಂದು ಬಡಿತವನ್ನೂ ಎಣಿಸಬಹುದಾದ ಸದ್ದು.

ಅದು ಓಟದ ಗಾಡಿ ಅಲ್ಲ. ದೂರ ಹೋಗಲು ಮಾಡಿದ್ದು. ಮೇಲಿನ ಗೇರಿನಲ್ಲೇ ಎತ್ತಿನ ಗಾಡಿಯ ಹಿಂದೆ ತಾಳ್ಮೆಯಿಂದ ಬರುತ್ತಿತ್ತು, ದಾರಿ ಸಿಕ್ಕ ಕೂಡಲೇ ಗೇರು ಬದಲಿಸದೆ ಮುಂದೆ ಎಳೆಯುತ್ತಿತ್ತು. ಅಫಜಲಪುರದಾಚೆ ಎರಡೂ ಕಡೆ ತೊಗರಿ, ನಡುವೆ ನೆಟ್ಟಗಿನ ದಾರಿ. ಅಲ್ಲಿ ಅದರ ಮೇಲೆ ಕೂತರೆ ಹೊಟ್ಟೆಯೊಳಗೆ ಒಂದು ಸಮಾಧಾನ ಬರುತ್ತಿತ್ತು, ಊಟವಾದ ಮೇಲೆ ಬರುವಂಥದ್ದು. ಆಮೇಲೆ ನೂರು ಸಿಸಿಯ ಜಪಾನಿ ಗಾಡಿಗಳು ಬಂದವು, ಒಂದು ಸಲ ಒದ್ದರೆ ಸಾಕು, ಹೊಲಿಗೆ ಯಂತ್ರದ ಹಾಗೆ ಓಡಿದವು. ಅವುಗಳ ಮೇಲೆ ಹೋದವರು ಊರು ಮುಟ್ಟಿದರು. ನನ್ನ ಗಾಡಿಯ ಮೇಲೆ ಹೋದರೆ ದಾರಿ ಸಿಗುತ್ತಿತ್ತು, ಊರು ಸಿಗುವುದು ದೇವರ ಇಚ್ಛೆ.

ಅದರ ಸದ್ದು ನನ್ನ ನೌಕರಿಗೂ ದೊಡ್ಡ ಉಪಕಾರ ಮಾಡಿತು. ಊರಿನ ಹೊರಗಿನ ಹಳ್ಳ ದಾಟುವಾಗಲೇ ಅಂಗಡಿಕಾರರಿಗೆ ಕೇಳುತ್ತಿತ್ತು. ನಾನು ಅಂಗಡಿಯ ಮುಂದೆ ಇಳಿಯುವ ಹೊತ್ತಿಗೆ ಖೊಟ್ಟಿ ಕಲ್ಲು ಒಳಗೆ ಹೋಗಿ ಮುದ್ರೆಯ ಕಲ್ಲು ಹೊರಗೆ ಬಂದು ವಿಭೂತಿ ಹಚ್ಚಿಕೊಂಡು ಕೂತಿರುತ್ತಿತ್ತು. ಮೂರು ವರ್ಷ ನನಗೆ ಒಬ್ಬ ಮೋಸಗಾರನೂ ಸಿಗಲಿಲ್ಲ. ಈ ಮೂರು ತಾಲೂಕಿನ ವ್ಯಾಪಾರಿಗಳಷ್ಟು ಪ್ರಾಮಾಣಿಕರು ಬೇರೆಲ್ಲೂ ಇಲ್ಲ ಎಂದು ಮೇಲಿನವರಿಗೆ ವರದಿ ಬರೆದೆ. ಅವರೂ ನಂಬಿದರು.

ಗಾಡಿ ರಿಪೇರಿ ಮಾಡುತ್ತಿದ್ದವರು ಆಳಂದದ ಬಸ್ ಸ್ಟ್ಯಾಂಡಿನ ಹಿಂದೆ ಗ್ಯಾರೇಜು ಇಟ್ಟಿದ್ದ ಒಬ್ಬ ಉಸ್ತಾದರು. ಬಿಳಿ ಗಡ್ಡ, ಕಪ್ಪು ಬೆರಳು. ಹರೆಯದಲ್ಲಿ ನಿಜಾಮನ ಕಾಲದ ಮೋಟಾರು ಮಿಸ್ತ್ರಿಗಳ ಕೈಕೆಳಗೆ ಕೆಲಸ ಕಲಿತವರು. ಆ ಗಾಡಿಯ ಬೋಲ್ಟಿಗೆ ಬೇರೆ ಯಾರ ಪಾನಾವೂ ಕೂಡುತ್ತಿರಲಿಲ್ಲ, ಯಾಕೆಂದರೆ ಅದೆಲ್ಲ ಹಳೆಯ ವಿಲಾಯತಿ ಇಂಚಿನ ಲೆಕ್ಕ. ಉಸ್ತಾದರ ಹತ್ತಿರ ಮಾತ್ರ ಚರ್ಮದ ಚೀಲದಲ್ಲಿ ಸುತ್ತಿಟ್ಟ ಒಂದು ಜೋಡಿ ಪಾನಾ ಇದ್ದವು. ಹಳೆಯ ಸೇರು ಪಾವು ಕಂಡಲ್ಲಿ ಜಪ್ತಿ ಮಾಡಿ, ಇನ್ನು ಮೇಲೆ ದೇಶದಲ್ಲಿ ಕಿಲೋ ಮೀಟರು ಲೀಟರು ಮಾತ್ರ ಎಂದು ಭಾಷಣ ಬಿಗಿಯುತ್ತಿದ್ದ ನಾನು, ಹೀಗೆ ಇಂಚಿನ ಗಾಡಿಯ ಮೇಲೆ ಕೂತು ತಿರುಗುತ್ತಿದ್ದೆ. ಉಸ್ತಾದರು ಒಮ್ಮೆ ನಗದೆ ಕೇಳಿದರು: "ಸಾಬ್, ಇದಕ್ಕ ಮುದ್ರಿ ಹೊಡದೀರೇನ್ರಿ?"

ಇನ್ನು ನನ್ನ ತಂಗಿಯ ವಿಷಯ. ಆಳಂದದ ನಮ್ಮ ಮನೆಯಲ್ಲಿ ಅವ್ವ, ನಾನು, ತಂಗಿ ಮೂವರೇ. ತಂಗಿಯನ್ನು ಜೇವರ್ಗಿ ತಾಲೂಕಿನ ಒಂದು ಹಳ್ಳಿಗೆ ಕೊಟ್ಟೆವು. ತಾಲೂಕು ಜೇವರ್ಗಿಯಾದರೂ ಊರು ಅಫಜಲಪುರದ ಕಡೆಯ ಅಂಚಿಗೆ, ಭೀಮಾ ಹೊಳೆ ದಾಟಿದ ಮೇಲೆ. ಮದುವೆಯಲ್ಲಿ ಬೀಗರ ಮುಂದೆ ನಾನೇ ಎದೆ ಉಬ್ಬಿಸಿ ಹೇಳಿದ್ದೆ: "ಪಂಚಮಿಗಿ ತಂಗೀನ ವಿಲಾಯತಿ ಗಾಡಿ ಮ್ಯಾಲ ಕರ್ಕೊಂಡ ಹೋಗ್ತೇನ್ರಿ." ತಂಗಿಯ ಮಾವ ಕೆಂಪು ರುಮಾಲಿನ, ಮಾತು ಕಡಿಮೆಯ ರೈತ. ಗಾಡಿಯ ಸುತ್ತ ಒಂದು ಸುತ್ತು ಹಾಕಿ, ಕೆಳಗೆ ಸೋರಿದ ಎಣ್ಣೆ ನೋಡಿ, "ಹೌದೇನ್ರಿ," ಅಂದರು.

ನಮ್ಮ ಕಡೆ ನಾಗರ ಪಂಚಮಿಗೆ ಹೆಣ್ಣುಮಗಳು ತಾನಾಗಿ ತವರಿಗೆ ಬರುವಂತಿಲ್ಲ. ತವರಿನಿಂದ ಅಣ್ಣನೋ ತಮ್ಮನೋ ಹೋಗಿ ಕರೆಯಬೇಕು, ಅತ್ತೆ ಮನೆಯವರು ಉಡಿ ತುಂಬಿ ಕಳಿಸಬೇಕು. ಯಾರೂ ಬರಲಿಲ್ಲ ಅಂದರೆ ಅವಳಿಗೆ ಹಬ್ಬ ಇಲ್ಲ. ಅತ್ತೆ ಮನೆಯವರೇ ಕರೆತಂದು ಬಿಟ್ಟರೆ ಇನ್ನೂ ಕೆಟ್ಟದ್ದು, ಸೊಸೆಯನ್ನು ತಂದು ಒಗೆದು ಹೋದರು ಎಂದು ಜನ ಆಡಿಕೊಳ್ಳುತ್ತಾರೆ. ಅದರಲ್ಲೂ ಮದುವೆಯಾದ ಮೊದಲ ಪಂಚಮಿ ತವರಿನಲ್ಲೇ ಆಗಬೇಕು.

ಆ ಮೊದಲ ಪಂಚಮಿಯನ್ನು ನಾನು ತಪ್ಪಿಸಿದೆ. ಹಬ್ಬದ ಹಿಂದಿನ ದಿನ ಹೊರಟವನು ಅಫಜಲಪುರದ ಹೋಟೆಲಿನಲ್ಲಿ ಆಫ್ರಿಕಾದ ಮರಳುಗಾಡು ದಾಟುತ್ತ ಕೂತೆ. ಅಷ್ಟರಲ್ಲಿ ಶ್ರಾವಣದ ಮಳೆ ಹಿಡಿಯಿತು. ಮುಂದೆ ಎರೆಮಣ್ಣಿನ ದಾರಿ. ಇಂಗ್ಲೆಂಡಿನವರು ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಎರಡು ಬೆರಳು ಜಾಗ ಬಿಟ್ಟಿದ್ದರು, ಅವರಿಗೆ ನಮ್ಮ ಎರೆಯ ಗುಣ ಹೇಗೆ ಗೊತ್ತಾಗಬೇಕು. ಹತ್ತು ಮಾರಿಗೊಮ್ಮೆ ಮಣ್ಣು ತುಂಬಿ ಗಾಲಿ ನಿಲ್ಲುತ್ತಿತ್ತು, ನಾನು ಕಡ್ಡಿಯಿಂದ ಕೆದರುತ್ತಿದ್ದೆ. ತಂಗಿಯ ಊರು ಮುಟ್ಟಿದ್ದು ಮರುದಿನ ಸಂಜೆ. ಊರಿನ ಹೆಂಗಸರು ಹುತ್ತಕ್ಕೆ ಹಾಲು ಹಾಕಿ, ಉಂಡಿ ತಿಂದು, ಜೋಕಾಲಿ ಆಡಿ ಮುಗಿಸಿದ್ದರು. ತಂಗಿ ಹೊಸ ಸೀರೆ ಉಟ್ಟು ಬಾಗಿಲ ಹತ್ತಿರ ಕೂತಿದ್ದಳು, ಪಕ್ಕದಲ್ಲಿ ಟ್ರಂಕು. "ಹಬ್ಬ ಮುಗದ ಮ್ಯಾಲ ಹೋಗಿ ಏನ್ ಮಾಡ್ಲಿ ಅಣ್ಣ," ಅಂದಳು. ಬೀಗರು ಅಂದದ್ದು ಒಂದೇ ಮಾತು: "ಬರೂ ವರ್ಷ ಹಬ್ಬದ ಹಿಂದಿನ ದಿನ ಹನ್ನೆರಡರ ಒಳಗ ಬರ್ರಿ. ಬಂದ್ರ ಕಳಸ್ತೀವಿ, ಇಲ್ಲಂದ್ರ ಇಲ್ರಿ."

ನಾನು ಒಬ್ಬನೇ ಮನೆಗೆ ಬಂದದ್ದನ್ನು ಅವ್ವ ನೋಡಿದಳು. ಬೇವಿನ ಗಿಡಕ್ಕೆ ಕಟ್ಟಿಸಿದ್ದ ಜೋಕಾಲಿಯ ಹಗ್ಗ ಬಿಚ್ಚಿ ಸುತ್ತಿ ಒಳಗೆ ಇಟ್ಟಳು.

ಮರುವರ್ಷ ಅವ್ವ ಆಷಾಢದಲ್ಲೇ ಶುರು ಮಾಡಿದಳು. ತೊಗರಿ ಹೊಲದ ಬದುವಿನಲ್ಲಿ ಬೆಳೆದ ಔಡಲ, ಅಂದರೆ ಹರಳಿನ ಬೀಜ ಹುರಿದು, ಕುಟ್ಟಿ, ನೀರಿಗೆ ಹಾಕಿ ಕುದಿಸಿ, ಮೇಲೆ ತೇಲಿದ ಎಣ್ಣೆ ತೆಗೆದು ಒಂದು ಭರಣಿ ತುಂಬಿಸಿದಳು. ತಂಗಿಯದು ಉಷ್ಣದ ಮೈ. ಸಣ್ಣವಳಿದ್ದಾಗಿನಿಂದ ಅವಳಿಗೆ ತಲೆಶೂಲೆ, ಅವ್ವ ನೆತ್ತಿಗೆ ಔಡಲೆಣ್ಣೆ ತಟ್ಟಿದರೇ ಇಳಿಯುವುದು. ಅತ್ತೆ ಮನೆಯಲ್ಲಿ ಯಾರು ತಟ್ಟಬೇಕು. ಪಂಚಮಿಯ ಬೆಳಿಗ್ಗೆ ಮಗಳ ತಲೆಗೆ ಹಚ್ಚಿ ಎರೆಯಬೇಕೆಂದು ಆ ಭರಣಿಯನ್ನು ಹಲಗೆಯ ಮೇಲೆ ಬಟ್ಟೆ ಕಟ್ಟಿ ಇಟ್ಟಿದ್ದಳು.

"ಈ ಸಲ ಬಸ್ಸಿಗಿ ಹೋಗಿ ಬಾರೋ ತಮ್ಮಾ," ಅಂದಳು ಅವ್ವ.

"ಅವ್ವ, ಬೀಗರ ಮುಂದ ಮಾತು ಕೊಟ್ಟೇನಿ. ಗಾಡಿ ಮ್ಯಾಲೇ ಕರ್ಕೊಂಡ ಬರ್ತೇನಿ," ಅಂದೆ. ಮಾತು ಕೊಟ್ಟದ್ದು ತಂಗಿಯನ್ನು ತರುವುದಕ್ಕೋ ಗಾಡಿಯನ್ನು ತೋರಿಸುವುದಕ್ಕೋ ಎಂದು ಅವ್ವ ಕೇಳಲಿಲ್ಲ.

ಗಾಡಿಯನ್ನು ಹಬ್ಬಕ್ಕೆ ತಯಾರು ಮಾಡಲು ಕೂತೆ. ಗಾಡಿಯ ಜೊತೆ ಗೌಡರು ಒಂದು ಇಂಗ್ಲಿಷ್ ಕೈಪಿಡಿ ಕೊಟ್ಟಿದ್ದರು, ಅರ್ಧ ಇಲಿ ತಿಂದದ್ದು. ಉಳಿದರ್ಧವನ್ನು ನಾನು ಡಿಕ್ಷನರಿ ಇಟ್ಟುಕೊಂಡು ಓದುತ್ತಿದ್ದೆ. ಅದರಲ್ಲಿ ಒಂದು ಕಡೆ, ಇಂಗ್ಲೆಂಡಿನಲ್ಲಿ ಪಂದ್ಯ ಗೆಲ್ಲುವವರು ಎಂಜಿನ್ನಿಗೆ ಔಡಲೆಣ್ಣೆ ಹಾಕುತ್ತಾರೆ ಎಂದಿತ್ತು. ನನಗೆ ಕೂತಲ್ಲೇ ಕೂಡಲಾಗಲಿಲ್ಲ. ನಮ್ಮ ಬದುವಿನ ಔಡಲಕ್ಕೆ ಇಂಥ ಮರ್ಯಾದೆ. ಪುಸ್ತಕ ಹಿಡಿದು ಉಸ್ತಾದರ ಹತ್ತಿರ ಓಡಿದೆ.

ಉಸ್ತಾದರು ಬೀಡಿ ಆರಿಸಿ ಪೂರ್ತಿ ಕೇಳಿದರು. "ಬರೋಬರಿ ಅದ ಸಾಬ್. ಓಟದ ಗಾಡಿಗಿ ಹಾಕ್ತಾರ. ಅದು ಒಂದು ದಿನ ಓಡ್ತದ, ಮರುದಿನ ಪೂರಾ ಬಿಚ್ಚಿ ತೊಳಿತಾರ. ನಿಮ್ಮದು ದೌರಾ ಗಾಡಿ. ದಿನಾ ಹೋಗಬೇಕು, ದಿನಾ ಬರಬೇಕು. ಮ್ಯಾಲಾಗಿ ಒಳಗಿರೂ ಎಣ್ಣಿಗೂ ಔಡಲೆಣ್ಣಿಗೂ ಕೂಡೂದಿಲ್ರಿ. ಅಂಟು ಆಗ್ತದ. ಬ್ಯಾಡ್ರಿ."

ಕೈಪಿಡಿ ಇಂಗ್ಲಿಷಿನಲ್ಲಿತ್ತು, ಉಸ್ತಾದರು ಕನ್ನಡದಲ್ಲಿ ಹೇಳಿದರು. ಆದ್ದರಿಂದ ಕೈಪಿಡಿಯನ್ನೇ ನಂಬಿದೆ. ಹಬ್ಬದ ಎರಡು ದಿನ ಮೊದಲು, ಅವ್ವ ಹೊಲಕ್ಕೆ ಹೋದ ಹೊತ್ತು ನೋಡಿ, ಭರಣಿ ಇಳಿಸಿದೆ. ಅದು ಯಾರಿಗಾಗಿ ಇಟ್ಟದ್ದು ಎಂದು ನನಗೆ ಗೊತ್ತಿತ್ತು. ಕೇಳಿದರೆ ಕೊಡುತ್ತಿರಲಿಲ್ಲ, ಆದ್ದರಿಂದ ಕೇಳಲಿಲ್ಲ. ಗಾಣದವನ ಹತ್ತಿರ ಬೇರೆ ತಂದು ತುಂಬಿಸಿಟ್ಟರಾಯಿತು ಎಂದು ಮನಸ್ಸಿಗೆ ಸಮಾಧಾನ ಹೇಳಿದೆ. ಗಾಡಿಯ ಎಣ್ಣೆಯ ಟಾಕಿಯಲ್ಲಿ ಅರ್ಧ ತೆಗೆದು, ಆ ಜಾಗಕ್ಕೆ ಅವ್ವನ ಎಣ್ಣೆ ಸುರಿದೆ. ಖಾಲಿ ಭರಣಿಗೆ ಮೊದಲಿನ ಹಾಗೇ ಬಟ್ಟೆ ಕಟ್ಟಿ ಇಟ್ಟೆ. ಗಾಣಕ್ಕೆ ಹೋಗುವುದು ಮರೆತುಹೋಯಿತು.

ಹಬ್ಬದ ಹಿಂದಿನ ದಿನ ಹೊತ್ತು ಹುಟ್ಟುವಾಗ ಹೊರಟೆ. ಎಂಜಿನ್ನು ಅಂಥ ಮೆತ್ತಗೆ ಎಂದೂ ಓಡಿರಲಿಲ್ಲ. ಹಿಂದಿನಿಂದ ಬರುವ ಹೊಗೆಗೆ ಔಡಲೆಣ್ಣೆಯ ವಾಸನೆ. ಪ್ರತಿ ಊರಿನಲ್ಲಿ ಗಾಡಿಯ ಹಿಂದೆ ಓಡಿ ಬರುತ್ತಿದ್ದ ಹುಡುಗರು ಅವತ್ತು ಮೂಗು ಮುಚ್ಚಿಕೊಂಡು ಮನೆಯೊಳಗೆ ಓಡಿದರು. ಭೇದಿಗೆ ಕುಡಿಸುವ ದಿನ ಇವತ್ತೇ ಬಂತೇ ಎಂದು ತಿಳಿದಿರಬೇಕು. ಅಫಜಲಪುರದಲ್ಲಿ ಚಹಾಕ್ಕೂ ನಿಲ್ಲಲಿಲ್ಲ. ಹೋಟೆಲಿನ ಮುಂದೆ ಮಾತ್ರ ಸ್ವಲ್ಪ ನಿಧಾನ ಮಾಡಿದೆ, ಕೂತವರು ನೋಡಲಿ ಎಂದು. ಒಂಬತ್ತಕ್ಕೆ ಭೀಮಾ ಹೊಳೆಯ ಸೇತುವೆ ದಾಟಿದೆ. ಇನ್ನು ಹತ್ತೇ ಕಿಲೋಮೀಟರು.

ಅಲ್ಲಿ ಎಂಜಿನ್ನು ಒಂದು ಸಲ ಕೆಮ್ಮಿತು. ಆಮೇಲೆ ಕಬ್ಬಿಣಕ್ಕೆ ಕಬ್ಬಿಣ ತೀಡಿದ ಸದ್ದು ಬಂದು, ಹಿಂದಿನ ಗಾಲಿ ಬಿಗಿದು ಗಾಡಿ ರಸ್ತೆಯ ಮೇಲೆ ಜಾರಿತು. ಬೀಳಲಿಲ್ಲ, ಅಷ್ಟು ಪುಣ್ಯ. ನೂಕಿ ಒಂದು ಬೇವಿನ ಗಿಡದ ಕೆಳಗೆ ತಂದೆ. ಎರಡೂ ಕಾಲಿಂದ ಕಿಕ್ಕಿನ ಮೇಲೆ ನಿಂತರೂ ಅದು ಇಳಿಯಲಿಲ್ಲ. ಎಣ್ಣೆಯ ಟಾಕಿಯೊಳಗೆ ಬೆರಳು ಹಾಕಿ ನೋಡಿದರೆ ಗೋಂದಿನ ಹಾಗೆ ಅಂಟು ಬಂತು.

ಅಷ್ಟರಲ್ಲಿ ಜೇವರ್ಗಿಯ ಬಸ್ಸು ಬಂತು. ಕೈ ಮಾಡದಿದ್ದರೂ ನಿಂತಿತು. ಕಂಡಕ್ಟರು ಬಾಗಿಲಲ್ಲಿ ಬಗ್ಗಿ, "ಬರ್ರಿ ಸಾಹೇಬ್ರ, ಹತ್ರಿ," ಅಂದ.

"ನೀವು ನಡೀರಿ. ಐದು ನಿಮಿಷದಾಗ ನಿಮ್ಮನ್ನ ಹಿಂದ ಹಾಕ್ತೇನಿ," ಅಂದೆ.

ಬಸ್ಸಿನೊಳಗಿನವರು ನಕ್ಕರು, ಬಸ್ಸು ಹೋಯಿತು. ಈ ಒಂದು ಮಾತನ್ನು ನಾನು ಎಷ್ಟೋ ವರ್ಷ ಯಾರಿಗೂ ಹೇಳಿರಲಿಲ್ಲ. ಆ ಬಸ್ಸು ಹತ್ತಿದ್ದರೆ ಅರ್ಧ ತಾಸಿನಲ್ಲಿ ತಂಗಿಯ ಮುಂದೆ ನಿಂತಿರುತ್ತಿದ್ದೆ. ಬಸ್ಸು ಬೇಡ, ನಡೆದು ಹೋಗಿದ್ದರೂ ಹನ್ನೆರಡರೊಳಗೆ ಮುಟ್ಟುತ್ತಿದ್ದೆ. ಆದರೆ ಗಾಡಿ ಇಲ್ಲದೆ ಹೋಗಿ ಬೀಗರ ಮುಂದೆ ನಿಲ್ಲಬೇಕಲ್ಲ. ಎಂಜಿನ್ನು ತಣ್ಣಗಾದರೆ ಬಿಡುತ್ತದೆ ಎಂದು ಕೂತೆ. ಹತ್ತಾಯಿತು, ಹನ್ನೊಂದಾಯಿತು. ನನ್ನ ನೆರಳು ನನ್ನ ಕಾಲ ಕೆಳಗೆ ಬಂತು. ಎಂಜಿನ್ನು ತಣ್ಣಗೂ ಆಯಿತು, ಆದರೆ ಬಿಡಲಿಲ್ಲ. ಹನ್ನೆರಡು ದಾಟಿದ ಮೇಲೆ ನನಗೆ ಅಳು ಬಂತು. ಮೂವತ್ತು ವರ್ಷದ ಸರ್ಕಾರಿ ಮನುಷ್ಯ, ಕೈಯೆಲ್ಲ ಎಣ್ಣೆ, ಕಣ್ಣು ಒರೆಸಿಕೊಳ್ಳಲೂ ಬರುವಂತಿರಲಿಲ್ಲ.

ಎರಡರ ಸುಮಾರಿಗೆ ಆ ಕಡೆಯಿಂದ ಅಫಜಲಪುರಕ್ಕೆ ಹೋಗುವ ಬಸ್ಸು ಬಂತು. ಕಿಟಕಿಯಲ್ಲಿ ತಂಗಿಯ ಮುಖ. ಬಸ್ಸು ನಿಂತಿತು. ಮುಂದಿನ ಬಾಗಿಲಿನಿಂದ ಕೆಂಪು ರುಮಾಲು ಇಳಿಯಿತು.

"ಬೀಗರ, ಎಣ್ಣಿದೊಂದು ಸ್ವಲ್ಪ..." ಎಂದು ಶುರು ಮಾಡಿದೆ.

ಅವರು ಗಾಡಿ ನೋಡಿದರು, ನನ್ನ ಕೈ ನೋಡಿದರು. "ಹನ್ನೆರಡಕ್ಕ ಒಳಗ ಹೋಗಿ ನೋಡಿದ್ನಿ. ನಿಮ್ಮ ತಂಗಿ ಅತ್ತಿದ್ರ ಬೈದು ಸುಮ್ಮ ಕೂಡಸ್ತಿದ್ನಿ. ಆಕಿ ಅಳಲಿಲ್ರಿ. ಕಟ್ಟಿದ ಗಂಟು ಬಿಚ್ಚಿ ಉಂಡಿ ತಿರುಗಿ ಡಬ್ಬಿಗಿ ಹಾಕಾಕತ್ತಿದ್ಳು. ಅದು ನನಗ ನೋಡಾಕ ಆಗಲಿಲ್ಲ," ಅಂದರು. ಬಸ್ಸಿನ ಬಾಗಿಲಿನ ಕಡೆ ಕೈ ತೋರಿಸಿ, "ನಡೀರಿ, ನಿಮ್ಮನ್ನೂ ತವರಿಗಿ ಮುಟ್ಟಸ್ತೇನಿ," ಅಂದರು.

ಇಡೀ ಬಸ್ಸು ನಕ್ಕಿತು. ಜನ ಆಡಿಕೊಳ್ಳುವುದಕ್ಕೆ ಹೆದರದೆ ಸೊಸೆಯನ್ನು ತಾವೇ ಕರೆದುಕೊಂಡು ಹೊರಟಿದ್ದರು ಆ ಮನುಷ್ಯ. ಅವರನ್ನು ನಾನು ಒಂದು ವರ್ಷ ಕಲ್ಲಿನ ಎದೆಯವರು ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದೆ. ಅಷ್ಟಾದರೂ ನಾನು ಗಾಡಿಯ ಸೀಟಿನ ಮೇಲೆ ಕೈ ಇಟ್ಟುಕೊಂಡೇ ನಿಂತಿದ್ದೆ. ತಂಗಿ ಕಿಟಕಿಯಿಂದ ಕೂಗಿದಳು: "ಅಣ್ಣ, ಅದರ ತವರು ಇಂಗ್ಲೆಂಡ್. ಅಲ್ಲೀತನಕ ಮುಟ್ಟಸೂದು ಮಾವಾರ ಕೈಲ್ಲೆ ಆಗೂದಿಲ್ಲ. ನೀ ಹತ್ತು."

ಹತ್ತಿದೆ. ಗಾಡಿಯನ್ನು ಅಲ್ಲೇ ಬಿಟ್ಟೆ. ಮೂರನೆಯ ದಿನ ಉಸ್ತಾದರನ್ನು ಕರೆದುಕೊಂಡು ಹೋಗಿ ನೋಡಿದಾಗ ಯಾರೂ ಅದನ್ನು ಮುಟ್ಟಿರಲಿಲ್ಲ, ಅಂದರೆ ಕದಿಯುವ ರೀತಿಯಲ್ಲಿ ಮುಟ್ಟಿರಲಿಲ್ಲ. ಆ ಬೇವಿನ ಬುಡದಲ್ಲಿ ಒಂದು ಹುತ್ತ ಇತ್ತು, ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಪಂಚಮಿಗೆ ಹಾಲು ಹಾಕಲು ಬಂದ ಹೆಂಗಸರು, ಇಷ್ಟು ಹತ್ತಿರ ನಿಂತಿದೆಯಲ್ಲ ಎಂದು, ಗಾಡಿಗೂ ಹಾಲು ಹಾಕಿ, ದೀಪಕ್ಕೆ ಕುಂಕುಮ ಹಚ್ಚಿ, ಸೀಟಿನ ಮೇಲೆ ಹುರಿದ ಜೋಳದ ಅಳ್ಳು ಇಟ್ಟು ಹೋಗಿದ್ದರು. ಉಸ್ತಾದರು ಸುತ್ತಲೂ ನೋಡಿ, "ಎಣ್ಣಿ ನೀವು ಹಾಕಿದ್ರಿ, ಹಾಲು ಅವರು ಹಾಕ್ಯಾರ. ಇನ್ನ ಪೆಟ್ರೋಲ್ ಯಾಕ ಬೇಕು ಸಾಬ್," ಅಂದರು. ಎಂಜಿನ್ನು ಬಿಚ್ಚಿ ತೊಳೆಯಲು ಅವರಿಗೆ ಎರಡು ತಿಂಗಳು ಹಿಡಿಯಿತು.

ಆದರೆ ಇದೆಲ್ಲ ಆಮೇಲಿನ ಮಾತು. ಅವತ್ತು ಬಸ್ಸಿನಲ್ಲಿ ತಂಗಿ ಉಂಡಿಯ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು ನನಗೆ ಜಾಗ ಮಾಡಿಕೊಟ್ಟಳು. ಕೂತ ಸ್ವಲ್ಪ ಹೊತ್ತಿಗೆ ನನ್ನ ಅಂಗಿ ಮೂಸಿ ನೋಡಿದಳು.

"ನಿನ್ನ ಮೈಗಿ ಅವ್ವನ ಎಣ್ಣಿ ವಾಸನಿ ಬರಾಕತ್ತದ. ಈ ವರ್ಷ ಮಾಡ್ಯಾಳೇನು?"

"ಹೂಂ, ಮಾಡ್ಯಾಳ," ಅಂದೆ. ಅದು ನಿಜವೇ ಆಗಿತ್ತು.

"ಒಂದು ವರ್ಷದಿಂದ ನೆತ್ತಿ ಸುಡಾಕತ್ತದ ಅಣ್ಣ. ನಾಳೆ ಮುಂಜಾನೆ ಅವ್ವನ ಕೈಲೆ ಹಚ್ಚಸ್ಕೊಂಡು ಮಲಗ್ತೇನಿ ನೋಡು," ಎಂದು ಕಿಟಕಿಗೆ ತಲೆ ಆನಿಸಿದಳು.

ಆಗಲೇ ಹೇಳಬಹುದಿತ್ತು. ಅಫಜಲಪುರದಲ್ಲಿ ಬಸ್ಸು ಬದಲಿಸುವಾಗ ಹೇಳಬಹುದಿತ್ತು. ಆಳಂದ ಬರುವ ತನಕ ನಾನು ಹೊರಗಿನ ತೊಗರಿ ಹೊಲ ನೋಡುತ್ತ ಕೂತೆ. ಮನೆಯಲ್ಲಿ ಅವ್ವ ಮಗಳ ಕೆನ್ನೆ ಸವರಿ, ಬೀಗರ ಕಾಲಿಗೆ ನೀರು ಕೊಟ್ಟು ಒಳಗೆ ಕರೆಯುತ್ತಿದ್ದಾಗ ನಾನು ಗಾಣದವನ ಮನೆಗೆ ಓಡಿದೆ. ಹಬ್ಬಕ್ಕೆ ಅವನು ಬೀಗ ಹಾಕಿಕೊಂಡು ಅತ್ತೆಯ ಊರಿಗೆ ಹೋಗಿದ್ದ. ನನ್ನ ಮುದ್ರೆಯ ಕಲ್ಲು ಇಟ್ಟುಕೊಂಡ ಪ್ರಾಮಾಣಿಕ ಅಂಗಡಿಗಳಲ್ಲಿ ಒಂದರಲ್ಲೂ ಔಡಲೆಣ್ಣೆ ಇರಲಿಲ್ಲ.

ಪಂಚಮಿಯ ಬೆಳಿಗ್ಗೆ ಹಂಡೆಯಲ್ಲಿ ನೀರು ಕಾಯುತ್ತಿತ್ತು. ತಂಗಿ ಪಡಸಾಲೆಯಲ್ಲಿ ಮಣೆಯ ಮೇಲೆ ಕೂದಲು ಬಿಚ್ಚಿ ಕೂತಿದ್ದಳು. ಬೀಗರು ಹೊರಗೆ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದರು. ಅವ್ವ ಹಲಗೆಯಿಂದ ಭರಣಿ ಇಳಿಸಿದಳು. ಮೂರು ತಾಲೂಕಿನ ತೂಕ ನೋಡುವವನು ನಾನು, ಆದರೆ ಬಟ್ಟೆ ಬಿಚ್ಚುವ ಮೊದಲೇ, ಬರೀ ಕೈಯಲ್ಲಿ ಹಿಡಿದಷ್ಟಕ್ಕೇ, ಅದರಲ್ಲಿ ಏನೂ ಇಲ್ಲ ಎಂದು ಅವ್ವನಿಗೆ ಗೊತ್ತಾಯಿತು. ಅವಳು ನನ್ನ ಕಡೆ ತಿರುಗಿದಳು.

"ಗಾಡಿಗಿ ಹಾಕ್ದೆ ಅವ್ವ," ಅಂದೆ.

ಅವ್ವ ಭರಣಿಯನ್ನು ಒಲೆಯ ಹತ್ತಿರ ಬೋರಲು ಹಾಕಿ, ಕೆಳಗೆ ಒಂದು ತಟ್ಟೆ ಇಟ್ಟಳು. ಸ್ವಲ್ಪ ಹೊತ್ತಿನ ಮೇಲೆ ಒಳಗೆ ಅಂಟಿದ್ದು ಕಾದು ಜಾರಿ, ತಟ್ಟೆಯಲ್ಲಿ ಒಂದು ರೂಪಾಯಿಯ ಬಿಲ್ಲೆಯಷ್ಟು ಅಗಲಕ್ಕೆ ನಿಂತಿತು. ಆಮೇಲೆ ಭರಣಿಯೊಳಗೆ ಕೈ ಹಾಕಿ ಗೋಡೆಯೆಲ್ಲ ಬೆರಳಿನಿಂದ ಒರೆಸಿದಳು. ಆ ಬೆರಳನ್ನು ತಟ್ಟೆಯಲ್ಲಿ ಅದ್ದಿ, ಬಂದು ಮಗಳ ನೆತ್ತಿಗೆ ಇಟ್ಟು ತಟ್ಟತೊಡಗಿದಳು. ಇದ್ದ ಎಣ್ಣೆ ಎರಡು ಸಲಕ್ಕೆ ಮುಗಿಯಿತು. ಅವ್ವ ಬರಿಗೈಯಲ್ಲೇ ತಟ್ಟುತ್ತ ಹೋದಳು, ಎಣ್ಣೆ ಇದ್ದಾಗ ಎಷ್ಟು ಹೊತ್ತು ತಟ್ಟುತ್ತಿದ್ದಳೋ ಅಷ್ಟೂ ಹೊತ್ತು.

ತಂಗಿ ಕಣ್ಣು ಮುಚ್ಚಿಕೊಂಡೇ ಇದ್ದಳು.

"ಅಣ್ಣ," ಅಂದಳು. "ಗಾಡಿ ನೆತ್ತಿ ತಂಪಾತೇನು?"

ಹೊರಗೆ ಕಟ್ಟೆಯ ಮೇಲೆ ಬೀಗರು ನಕ್ಕದ್ದು ಕೇಳಿಸಿತು. ಆ ಗಾಡಿಯ ಬಗ್ಗೆ ಯಾರು ಏನು ಕೇಳಿದರೂ ನನ್ನ ಹತ್ತಿರ ಕರ್ನಲ್ಲ ಇದ್ದ, ಮರಳುಗಾಡು ಇತ್ತು, ಗುಂಡಿನೇಟು ಇತ್ತು. ಅವತ್ತು ಆ ಮೂರನ್ನೂ ಬಿಟ್ಟೆ.

"ಇಲ್ಲ ತಂಗಿ," ಅಂದೆ. "ಸುಟ್ಟು ಹೋತು."

ಆ ಗಾಡಿಯ ಬಗ್ಗೆ ನಾನು ಆಡಿದ ಮೊದಲ ನಿಜವಾದ ಮಾತು ಅದು. ತಂಗಿ ಕಣ್ಣು ತೆರೆಯದೆ, ಜೋಕಾಲಿಯ ಹಗ್ಗ ಇನ್ನೂ ಕಟ್ಟಿಲ್ಲ, ಹೋಗಿ ಕಟ್ಟು ಅಂದಳು.